ಹೊಸ ಕ್ಲಚ್ ಹಾಕಿಸಿದರೂ ಕಾರು ನಡುಗುತ್ತಿದೆಯೇ? ಗೇರ್‌ಬಾಕ್ಸ್ ಕೂರಿಸುವಾಗ ಆದ ಈ ತಪ್ಪು ಕಾರಣವಿರಬಹುದು

ಮುಂಬೈ, ಪುಣೆ, ಚೆನ್ನೈನಂಥ ನಗರಗಳ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿದೇ ತೆವಳುವ ಕಾರುಗಳಿಗೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಅದನ್ನು ಬದಲಾಯಿಸಬೇಕೆಂದರೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಹೀಗಾಗಿ ಬಿಡಿಭಾಗದ ಬೆಲೆಯ ಜೊತೆಗೆ ಲೇಬರ್ ಚಾರ್ಜ್ ಕೂಡ ಜೋರಾಗಿಯೇ ಬೀಳುತ್ತದೆ.

ಇಷ್ಟು ಖರ್ಚು ಮಾಡಿದ ಮೇಲೂ ಕೆಲವರಿಗೆ ಮರುದಿನವೇ ತಲೆನೋವು ಶುರುವಾಗುತ್ತದೆ. ಮೊದಲ ಗೇರ್‌ನಲ್ಲಿ ಕಾರು ಗಡಗಡ ನಡುಗುತ್ತದೆ, ರಿವರ್ಸ್ ಗೇರ್ ಕರ್ರ್ ಎನ್ನುತ್ತದೆ. 'ಹೊಸ ಪ್ಲೇಟ್, ಸ್ವಲ್ಪ ಓಡಿದರೆ ಸರಿಹೋಗುತ್ತದೆ' ಎಂಬ ಉತ್ತರ ಗ್ಯಾರೇಜಿನಿಂದ ಬರುತ್ತದೆ. ಆದರೆ ಗೇರ್‌ಬಾಕ್ಸ್ ಕೂರಿಸುವಾಗಲೇ ಪ್ಲೇಟ್ ಬಾಗಿದ್ದರೆ ಎಷ್ಟು ಓಡಿಸಿದರೂ ಅದು ಸರಿಹೋಗುವುದಿಲ್ಲ.

ಪ್ಲೇಟನ್ನು ನಡುವಿನಲ್ಲಿ ಕೂರಿಸುವುದು ಏಕೆ?

ಎಂಜಿನ್‌ನ ಹಿಂಬದಿಯಲ್ಲಿ ಫ್ಲೈವೀಲ್ ಇರುತ್ತದೆ. ಅದಕ್ಕೆ ಪ್ರೆಶರ್ ಪ್ಲೇಟ್ ಬೋಲ್ಟ್ ಆಗುತ್ತದೆ. ಇವೆರಡರ ಮಧ್ಯೆ ಸಿಕ್ಕಿಕೊಂಡಿರುವುದೇ ಕ್ಲಚ್ ಪ್ಲೇಟ್. ಇದಕ್ಕೆ ತನ್ನದೇ ಆದ ಬೋಲ್ಟ್ ಇಲ್ಲ. ಗೇರ್‌ಬಾಕ್ಸ್‌ನಿಂದ ಹೊರಚಾಚಿರುವ ಇನ್‌ಪುಟ್ ಶಾಫ್ಟ್ ಪ್ಲೇಟ್‌ನ ನಡುವಿನ ಹಲ್ಲುಗಳುಳ್ಳ ರಂಧ್ರದೊಳಗೆ ಹೊಕ್ಕಾಗ ಮಾತ್ರ ಅದು ತನ್ನ ಜಾಗದಲ್ಲಿ ನಿಲ್ಲುತ್ತದೆ.

ಆದರೆ ಜೋಡಿಸುವ ಹೊತ್ತಿಗೆ ಗೇರ್‌ಬಾಕ್ಸ್ ಇನ್ನೂ ಕೆಳಗಿರುತ್ತದೆ. ಆಸರೆಯಿಲ್ಲದ ಪ್ಲೇಟ್ ತನ್ನ ಭಾರಕ್ಕೆ ಕೆಲವು ಮಿಲಿಮೀಟರ್ ಕೆಳಗೆ ಜಾರುತ್ತದೆ. ಪ್ರೆಶರ್ ಪ್ಲೇಟ್ ಬೋಲ್ಟ್‌ಗಳು ಬಿಗಿಯಾದ ಮೇಲೆ ನೂರಾರು ಕಿಲೋ ಒತ್ತಡದಲ್ಲಿ ಅದು ಅಲ್ಲೇ ಕಚ್ಚಿ ನಿಲ್ಲುತ್ತದೆ. ಆಮೇಲೆ ಕೈಯಿಂದ ಸರಿಸಲು ಆಗುವುದಿಲ್ಲ.

ಬೊಲೆರೊ, ಸುಮೊದಂಥ ಹಿಂಬದಿ ಚಕ್ರ ಚಾಲನೆಯ ವಾಹನಗಳಲ್ಲಿ ಶಾಫ್ಟ್‌ನ ತುದಿ ಪ್ಲೇಟ್ ದಾಟಿ ಪೈಲಟ್ ಬೇರಿಂಗ್‌ನೊಳಗೂ ಸೇರಬೇಕು. ಪ್ಲೇಟ್ ಸ್ವಲ್ಪ ಪಕ್ಕಕ್ಕಿದ್ದರೂ ಶಾಫ್ಟ್ ಒಳಗೆ ಹೋಗುವುದಿಲ್ಲ.

ಡಮ್ಮಿ ಶಾಫ್ಟ್ ಮಾಡುವ ಕೆಲಸ

ಇದಕ್ಕೆಂದೇ ಅಲೈನ್‌ಮೆಂಟ್ ಟೂಲ್ ಇದೆ. ಇದು ಇನ್‌ಪುಟ್ ಶಾಫ್ಟ್‌ನ ಆಕಾರದಲ್ಲೇ ಇರುವ ಪ್ಲಾಸ್ಟಿಕ್ ಅಥವಾ ಲೋಹದ ಕಡ್ಡಿ. ಕೆಲವು ಗ್ಯಾರೇಜ್‌ಗಳಲ್ಲಿ ಅದೇ ಮಾಡೆಲ್‌ನ ಹಳೆಯ ಗೇರ್‌ಬಾಕ್ಸ್ ಶಾಫ್ಟನ್ನೇ ಇಟ್ಟುಕೊಂಡಿರುತ್ತಾರೆ. ಅದೂ ಸರಿಯೇ.

ಮೊದಲು ಫ್ಲೈವೀಲ್‌ನ ಮೇಲ್ಮೈಯಲ್ಲಿ ಎಣ್ಣೆ ಜಿಡ್ಡು ಇಲ್ಲದಂತೆ ಒರೆಸಬೇಕು. ಪ್ಲೇಟ್‌ನ ಯಾವ ಮುಖ ಫ್ಲೈವೀಲ್ ಕಡೆಗಿರಬೇಕು ಎಂಬುದು ಸಾಮಾನ್ಯವಾಗಿ ಅದರ ಮೇಲೆಯೇ ಗುರುತಾಗಿರುತ್ತದೆ. ತಿರುಗುಮುರುಗು ಹಾಕಿದರೆ ಕ್ಲಚ್ ಕೆಲಸ ಮಾಡುವುದಿಲ್ಲ. ನಂತರ ಟೂಲನ್ನು ಪ್ಲೇಟ್ ಮೂಲಕ ಪೈಲಟ್ ಬೇರಿಂಗ್‌ವರೆಗೆ ತೂರಿಸಿ, ಪ್ರೆಶರ್ ಪ್ಲೇಟ್ ಇಟ್ಟು, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಪ್ರೆಶರ್ ಪ್ಲೇಟ್ ವಾರೆಯಾಗುತ್ತದೆ.

ಕೊನೆಯ ಪರೀಕ್ಷೆ ಸರಳ. ಎಲ್ಲ ಬಿಗಿದ ಮೇಲೆ ಟೂಲ್ ಹೊರಗೆ ಎಳೆದು ಮತ್ತೆ ಹಾಕಿದಾಗ ಸಲೀಸಾಗಿ ಹೋಗಿ ಬರಬೇಕು. ಪೈಲಟ್ ಬೇರಿಂಗ್ ಇಲ್ಲದ ಮುಂಬದಿ ಚಕ್ರ ಚಾಲನೆಯ ಕಾರುಗಳಲ್ಲಿ ಪ್ಲೇಟನ್ನು ಪ್ರೆಶರ್ ಪ್ಲೇಟ್‌ನ ನಡುವಿಗೆ ಹೊಂದಿಸುವ ಟೂಲ್ ಬಳಸುತ್ತಾರೆ.

ಬೋಲ್ಟ್‌ನಿಂದ ಎಳೆದರೆ ಕೆಟ್ಟಿತು

ಸಣ್ಣ ಕಾರಿನ ಗೇರ್‌ಬಾಕ್ಸ್ ಕೂಡ ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಜಾಕ್ ಮೇಲಿಟ್ಟು ಎಂಜಿನ್‌ಗೆ ನೇರವಾಗಿ ಹೊಂದಿಸಿ ಒಳಗೆ ತಳ್ಳಬೇಕು. ಹಲ್ಲಿಗೆ ಹಲ್ಲು ಕೂರದಿದ್ದರೆ ಗೇರ್ ಹಾಕಿ ಔಟ್‌ಪುಟ್ ಕಡೆಯಿಂದ ಸ್ವಲ್ಪ ತಿರುಗಿಸಿದರೆ ಸಾಕು. ಎಲ್ಲ ಸರಿಯಿದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಸಂದು ಕೈಯಿಂದಲೇ ಮುಚ್ಚಿಕೊಳ್ಳುತ್ತದೆ.

ತಪ್ಪಾಗುವುದು ಇಲ್ಲೇ. ಬೆರಳಗಲ ಸಂದು ಉಳಿದಾಗ 'ಬೋಲ್ಟ್ ಬಿಗಿದರೆ ತಾನೇ ಒಳಗೆ ಬರುತ್ತದೆ' ಎಂದು ಸ್ಪ್ಯಾನರ್ ತಿರುಗಿಸಲಾಗುತ್ತದೆ. ಆಗ ಶಾಫ್ಟ್‌ನ ತುದಿ ಪ್ಲೇಟ್‌ನ ನಡುಭಾಗವನ್ನು ಒತ್ತಿ ಬಾಗಿಸಬಹುದು, ಪೈಲಟ್ ಬೇರಿಂಗ್ ಹಾಳಾಗಬಹುದು, ಅಲ್ಯೂಮಿನಿಯಂ ಬೆಲ್ ಹೌಸಿಂಗ್‌ನ ಕಿವಿಯೇ ಮುರಿಯಬಹುದು. ಶಾಫ್ಟ್ ಅರ್ಧ ಹೊಕ್ಕಿರುವಾಗ ಜಾಕ್ ತೆಗೆದು ಗೇರ್‌ಬಾಕ್ಸನ್ನು ಪ್ಲೇಟ್ ಮೇಲೆ ನೇತಾಡಲು ಬಿಟ್ಟರೂ ಅದೇ ಗತಿ.

ಯಾವುದು ಸಹಜ, ಯಾವುದು ಅಲ್ಲ?

ಹೊಸ ಪ್ಲೇಟ್ ಹೊಂದಿಕೊಳ್ಳುವವರೆಗೆ ಸ್ವಲ್ಪ ವಾಸನೆ, ಲಘು ನಡುಕ ಇರಬಹುದು. ಆದರೆ ಪೆಡಲ್ ಪೂರ್ತಿ ಒತ್ತಿದರೂ ಗೇರ್ ಬೀಳದಿರುವುದು, ಪ್ರತಿ ಬಾರಿ ಕಾರು ಹೊರಡುವಾಗಲೂ ಜೋರಾಗಿ ನಡುಗುವುದು ಸಹಜವಲ್ಲ. ಪ್ಲೇಟ್ ಮೇಲೆ ಎಣ್ಣೆ ಬಿದ್ದಿದ್ದರೆ ಅಥವಾ ಎಂಜಿನ್ ಮೌಂಟಿಂಗ್ ಸಡಿಲವಾಗಿದ್ದರೂ ನಡುಕ ಬರುತ್ತದೆ. ಕ್ಲಚ್ ಹೈಡ್ರಾಲಿಕ್‌ನಲ್ಲಿ ಗಾಳಿ ಸೇರಿದ್ದರೂ ಗೇರ್ ಬೀಳುವುದಿಲ್ಲ. ಮೌಂಟಿಂಗ್, ಹೈಡ್ರಾಲಿಕ್ ಎರಡನ್ನೂ ಗೇರ್‌ಬಾಕ್ಸ್ ಇಳಿಸದೆಯೇ ನೋಡಬಹುದಾದ್ದರಿಂದ ಮೊದಲು ಅವನ್ನು ಪರೀಕ್ಷಿಸುವುದು ಒಳ್ಳೆಯದು.

ಗ್ಯಾರೇಜಿನಲ್ಲಿ ಏನು ಕೇಳಬೇಕು?

* ಈ ಮಾಡೆಲ್‌ಗೆ ಹೊಂದುವ ಅಲೈನ್‌ಮೆಂಟ್ ಟೂಲ್ ಅಥವಾ ಡಮ್ಮಿ ಶಾಫ್ಟ್ ಇದೆಯೇ?
* ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿಯುತ್ತೀರಾ?
* ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್‌ಗಳನ್ನೂ ಈಗಲೇ ಪರೀಕ್ಷಿಸುತ್ತೀರಾ?
* ಗೇರ್‌ಬಾಕ್ಸ್ ಏರಿಸುವ ಮುನ್ನ ಕ್ಲಚ್ ಕೂರಿಸಿದ ಫೋಟೊ ಕಳಿಸುತ್ತೀರಾ?

ಅನುಭವಿ ಮೆಕ್ಯಾನಿಕ್‌ಗಳು ಕಣ್ಣಂದಾಜಿನಲ್ಲೇ ಪ್ಲೇಟನ್ನು ನಡುವಿಗೆ ಕೂರಿಸುವುದೂ ಉಂಟು. ಗೇರ್‌ಬಾಕ್ಸ್ ಬಲವಂತವಿಲ್ಲದೆ ಒಳಗೆ ಹೋದರೆ ಅದರಲ್ಲೇನೂ ತಪ್ಪಿಲ್ಲ. ಹೋಗದಿದ್ದರೆ ಪ್ರೆಶರ್ ಪ್ಲೇಟ್ ಸಡಿಲಿಸಿ ಮತ್ತೊಮ್ಮೆ ಹೊಂದಿಸಲು ಹಿಡಿಯುವುದು ಸ್ವಲ್ಪ ಹೊತ್ತು ಮಾತ್ರ. ಬಾಗಿದ ಪ್ಲೇಟನ್ನು ಬದಲಾಯಿಸಬೇಕಾದರೆ ಮತ್ತೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು, ಲೇಬರ್ ಚಾರ್ಜ್ ಕೂಡ ಮತ್ತೊಮ್ಮೆ ಕೊಡಬೇಕಾಗಬಹುದು.