ನಿಯಮ ಬರೆದರೂ ಬಾಗಿಲು ತೆರೆಯಲಿಲ್ಲವೇಕೆ?

ಪ್ರಶ್ನೆ: ಗುಂಡ್ಲುಪೇಟೆಯ ನಮ್ಮ ಗೊಬ್ಬರದಂಗಡಿಯ ಕ್ಯಾಮೆರಾ ರೆಕಾರ್ಡರನ್ನು ಚಾಮರಾಜನಗರದ ಮನೆಯಿಂದ ನೋಡಬೇಕು. ಲಿನಕ್ಸ್ ಫೈರ್‌ವಾಲ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ನಿಯಮ ಬರೆದರೂ ಏನೂ ಕಾಣುತ್ತಿಲ್ಲ. ಯಾಕೆ?

ಉತ್ತರ: ನೀವು ಬರೆದಿರುವುದು ಬಹುಶಃ ಡಿನ್ಯಾಟ್ ನಿಯಮ ಒಂದನ್ನೇ. ಅದು ವಿಳಾಸ ಬದಲಿಸುತ್ತದೆ, ಅಷ್ಟೇ. ಉದಾಹರಣೆಗೆ, ಹೊರಗಿನಿಂದ 8080ನೇ ಪೋರ್ಟಿಗೆ ಬಂದದ್ದನ್ನು ಒಳಗಿನ 192.168.1.20ರ 80ನೇ ಪೋರ್ಟಿಗೆ ತಿರುಗಿಸುತ್ತದೆ. ಗುಂಡ್ಲುಪೇಟೆಯಲ್ಲಿ ಸುಲ್ತಾನ್ ಬತ್ತೇರಿಯ ಕಡೆ ತಿರುಗಿದ ಮಾತ್ರಕ್ಕೆ ಆಯಿತೇ? ರಾತ್ರಿ 9ರ ನಂತರ ಆ ದಾರಿಯಲ್ಲಿರುವ ಬಂಡೀಪುರ ಕಾಡಿನ ಗೇಟು ಮುಚ್ಚಿರುತ್ತದೆ. ಇಲ್ಲಿ ಆ ಗೇಟು ಫಾರ್ವರ್ಡ್ ಸರಪಳಿ. ಅಲ್ಲೂ ಅನುಮತಿ ಕೊಡಿ, ಆದರೆ 8080ಕ್ಕಲ್ಲ, 80ಕ್ಕೆ. ಅಲ್ಲಿಗೆ ಬರುವಷ್ಟರಲ್ಲಿ ವಿಳಾಸ ಬದಲಾಗಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಕರ್ನಲ್‌ನ ಐಪಿ ಫಾರ್ವರ್ಡ್ ಬೆಲೆ 1 ಇದೆಯೇ ಎಂದೂ ನೋಡಿ; ಸಿಸ್‌ಸಿಟಿಎಲ್ ಕಡತದಲ್ಲಿ ಬರೆಯದಿದ್ದರೆ ಕರೆಂಟು ಹೋಗಿ ಬಂದಾಗ ಅದು ಮತ್ತೆ 0 ಆದೀತು.

ಪರೀಕ್ಷೆಯನ್ನು ಅಂಗಡಿಯ ವೈಫೈಯಿಂದ ಮಾಡಬೇಡಿ, ಮೊಬೈಲ್ ಡೇಟಾದಿಂದ ಮಾಡಿ. ಫೈರ್‌ವಾಲ್‌ನ ಹೊರ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನಿಮ್ಮ ನಿಯಮಗಳೆಲ್ಲ ಸರಿಯಿದ್ದರೂ ಪ್ರಯೋಜನವಿಲ್ಲ. ಅದು ಇಂಟರ್‌ನೆಟ್ ಕಂಪನಿ ಹಲವು ಗ್ರಾಹಕರಿಗೆ ಹಂಚುವ ಒಳವಿಳಾಸ. ಸಾರ್ವಜನಿಕ ವಿಳಾಸ ಕೇಳಿ ಪಡೆಯಿರಿ.

ಒಂದು ಮಾತು ಒತ್ತಿ ಹೇಳುತ್ತೇನೆ: ರೆಕಾರ್ಡರನ್ನು ನೇರವಾಗಿ ಲೋಕಕ್ಕೆ ತೆರೆದಿಡಬೇಡಿ. ಹಳೆಯ ಸಾಫ್ಟ್‌ವೇರಿನ ರೆಕಾರ್ಡರುಗಳನ್ನು ಹುಡುಕುವ ಯಂತ್ರಗಳು ಹಗಲಿರುಳೂ ಪೋರ್ಟುಗಳನ್ನು ತಟ್ಟುತ್ತಿರುತ್ತವೆ. 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇರುವ ವೈರ್‌ಗಾರ್ಡ್ ಎಂಬ ವಿಪಿಎನ್ ಬಳಸಿ. ಹೊರಗಿನವರಿಗೆ ಅದರ ಒಂದು ಯುಡಿಪಿ ಪೋರ್ಟನ್ನು ಫೈರ್‌ವಾಲ್‌ನಲ್ಲಿ ತೆರೆದರೆ ಸಾಕು, ರೆಕಾರ್ಡರಿಗೆ ಪೋರ್ಟ್ ಫಾರ್ವರ್ಡಿಂಗ್ ಬೇಡ; ಆದರೆ ಫಾರ್ವರ್ಡ್ ಸರಪಳಿಯ ಅನುಮತಿ ಮತ್ತು ಐಪಿ ಫಾರ್ವರ್ಡ್ ಆಗಲೂ ಬೇಕು.