ಸಮಯಪಾಲನೆಯೆಂಬ ಯಂತ್ರಧರ್ಮ

ಎರಕಹೊಯ್ದ ಕಬ್ಬಿಣದ ಕಂಬ, ಅದರ ಮುಂದೆ ಎಡಬಲಕ್ಕೂ ಹಿಂದುಮುಂದಕ್ಕೂ ಜಾರುವ ಮೇಜು, ಮೇಲೆ ಏರಿಳಿಯುವ ತಲೆ, ಆ ತಲೆಯಲ್ಲಿ ತಿರುಗುವ ಸ್ಪಿಂಡಲ್ಲು, ಅದರ ಬಾಯಲ್ಲಿ ಕಚ್ಚಿಸಿದ ಕಟರ್, ಇಷ್ಟಿದ್ದರೆ ಮಿಲ್ಲಿಂಗ್ ಯಂತ್ರದ ಶರೀರವು ಪೂರ್ಣವಾಯಿತೆನ್ನಬಹುದು; ಆದರೆ ಆ ಶರೀರವು ಲೋಹದ ತುಂಡೊಂದನ್ನು ನಕ್ಷೆಯಲ್ಲಿರುವ ಆಕಾರಕ್ಕೆ ತಾನಾಗಿಯೇ ಕಡೆಯಬೇಕಾದರೆ, ಮೂರು ಅಕ್ಷಗಳ ಚಲನೆಯನ್ನೂ ಕ್ಷಣಕ್ಷಣಕ್ಕೆ ಗಣಿಸಿ ಆಜ್ಞಾಪಿಸುವ ನಿಯಂತ್ರಕವೊಂದು ಬೇಕು. 1953ರಲ್ಲಿ ಎಚ್‌ಎಂಟಿ ಸ್ಥಾಪಿತವಾದಂದಿನಿಂದ ಯಂತ್ರೋಪಕರಣಗಳ ತವರೆನಿಸಿದ ಬೆಂಗಳೂರಿನಲ್ಲಿ ಕಬ್ಬಿಣದ ಮರ್ಮವನ್ನು ಬಲ್ಲವರಿಗೆ ಕೊರತೆಯಿಲ್ಲ. ನಿಯಂತ್ರಕವು ಮಾತ್ರ ಬಹುಮಟ್ಟಿಗೆ ಜಪಾನಿನದೋ ಜರ್ಮನಿಯದೋ ಆಗಿ, ಮುಚ್ಚಿದ ಪೆಟ್ಟಿಗೆಯ ರೂಪದಲ್ಲಿ ಬರುತ್ತದೆ. ಅದರೊಳಗೆ ನಡೆಯುವ ವ್ಯಾಪಾರವು ತಯಾರಕನಿಗಲ್ಲದೆ ಅನ್ಯರಿಗೆ ತಿಳಿಯದು. ಇದಕ್ಕೆ ಪ್ರತಿಯಾಗಿ, ಮೂಲಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಲಿನಕ್ಸ್‌ಸಿಎನ್‌ಸಿ ಎಂಬ ಮುಕ್ತ ತಂತ್ರಾಂಶವುಂಟು. ಸಾಧಾರಣವಾದ ಗಣಕವೊಂದನ್ನೇ ಅದು ನಿಯಂತ್ರಕವನ್ನಾಗಿ ಮಾರ್ಪಡಿಸುತ್ತದೆ.

ಅಂಕಿಗಳಿಂದ ಯಂತ್ರವನ್ನು ನಡೆಸುವ ವಿಚಾರವು ಇದಕ್ಕಿಂತ ಹಳೆಯದು. ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಎಂಬಾತನ ಮನಸ್ಸಿನಲ್ಲಿ ಮೊಳೆತ ಆ ವಿಚಾರವನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬೆಳೆಯಿಸಿ, 1952ರಲ್ಲಿ, ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಯನ್ನೋದಿ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಲಿನಕ್ಸ್‌ಸಿಎನ್‌ಸಿಯ ಮೂಲವಾದರೋ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ರಚಿತವಾದ ನಿಯಂತ್ರಕ ತಂತ್ರಾಂಶವೊಂದರಲ್ಲಿದೆ. ಸರ್ಕಾರದ ಕೃತಿಗೆ ಆ ದೇಶದಲ್ಲಿ ಗ್ರಂಥಸ್ವಾಮ್ಯವಿಲ್ಲದ ಕಾರಣ ಅದು ಸಾರ್ವಜನಿಕರ ಸ್ವತ್ತಾಯಿತು. ತರುವಾಯ ಸ್ವಯಂಸೇವಕರು ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಈಗಿನ ಹೆಸರು ಅದಕ್ಕೆ ಬಂದುದು 2011ರಲ್ಲಿ.

ಹೊಸ ಯಂತ್ರವೊಂದಕ್ಕೆ ಈ ತಂತ್ರಾಂಶವನ್ನು ಜೋಡಿಸಹೊರಟವನು, ಮೋಟರಿಗೆ ತಂತಿ ಎಳೆಯುವುದಕ್ಕೆ ಮುನ್ನವೇ ತನ್ನ ಗಣಕದ ಶೀಲವನ್ನು ಪರೀಕ್ಷಿಸಬೇಕಾಗುತ್ತದೆ. ಹೆಚ್ಚು ಬೆಲೆಯ, ಹೆಚ್ಚು ವೇಗದ ಗಣಕವಿದ್ದರೆ ಯಂತ್ರವು ಚೆನ್ನಾಗಿ ನಡೆದೀತೆಂದು ಸಾಮಾನ್ಯ ಜನರು ಊಹಿಸುವುದು ಸಹಜವೇ. ಆದರೆ ಇಲ್ಲಿ ಬೇಕಾದುದು ಸಮಯಪಾಲನೆ. ಬೆರಳುಗಳಲ್ಲಿ ಎಷ್ಟೇ ಚುರುಕಿದ್ದರೂ ಸಮಕ್ಕೆ ಸರಿಯಾಗಿ ಬಾರದ ಮೃದಂಗವಾದಕನಿಂದ ಕಚೇರಿಯು ಹೇಗೆ ಕೆಡುವುದೋ, ಹಾಗೆಯೇ ಒಂದು ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಮಾಡಬೇಕಾದ ಗಣನೆಯನ್ನು ಒಮ್ಮೆ ಬೇಗನೆ, ಒಮ್ಮೆ ತಡವಾಗಿ ಮಾಡುವ ಗಣಕದಿಂದ ಜಾಬು, ಎಂದರೆ ಕಡೆಯುತ್ತಿರುವ ಲೋಹದ ತುಂಡು, ಕೆಡುತ್ತದೆ. ನಾವು ನಿತ್ಯವೂ ಬಳಸುವ ಗಣಕಗಳು ಈ ವಿಷಯದಲ್ಲಿ ಸ್ವಭಾವತಃ ಅಶಿಸ್ತಿನವು: ವಿದ್ಯುತ್ತನ್ನು ಉಳಿಸಲೆಂದು ಸಂಸ್ಕಾರಕವು ನಡುನಡುವೆ ನಿದ್ರಿಸುತ್ತದೆ; ಮದರ್‌ಬೋರ್ಡಿನಲ್ಲಡಗಿದ ಫರ್ಮ್‌ವೇರು, ಕಾರ್ಯವ್ಯವಸ್ಥೆಗೂ ತಿಳಿಸದೆ, ಉಷ್ಣತೆಯನ್ನು ನೋಡಿಕೊಳ್ಳುವುದೇ ಮೊದಲಾದ ತನ್ನ ಕೆಲಸಗಳಿಗಾಗಿ ಎಲ್ಲವನ್ನೂ ಕ್ಷಣಕಾಲ ತಡೆಹಿಡಿಯುತ್ತದೆ. ಆದುದರಿಂದ, ನೈಜಕಾಲಕ್ಕೆ ಅಳವಡಿಸಿದ ವಿಶೇಷ ಲಿನಕ್ಸ್ ತಿರುಳನ್ನು ಹಾಕಿಕೊಂಡು, ವಿಳಂಬವನ್ನು ಅಳೆಯುವ ಪರೀಕ್ಷೆಯನ್ನು ನಡೆಯಬಿಟ್ಟು, ಅದೇ ವೇಳೆಗೆ ಚಲನಚಿತ್ರವೊಂದನ್ನು ಓಡಿಸಿ, ದೊಡ್ಡ ಕಡತಗಳನ್ನು ನಕಲಿಸಿ, ಗಣಕವನ್ನು ಬೇಕೆಂದೇ ಪೀಡಿಸಿ ನೋಡುವುದು ಪದ್ಧತಿ. ಅತ್ಯಂತ ಕೆಟ್ಟ ವಿಳಂಬವೆಷ್ಟೆಂಬುದೊಂದೇ ಇಲ್ಲಿ ಗಣ್ಯ, ಸರಾಸರಿಗೆ ಬೆಲೆಯಿಲ್ಲ. ಕಚೇರಿಯಿಂದ ಹೊರಬಿದ್ದ ಹಳೆಯ ಗಣಕವೊಂದು ಈ ಪರೀಕ್ಷೆಯಲ್ಲಿ ಥಳಥಳಿಸುವ ಹೊಸದನ್ನು ಸೋಲಿಸುವುದುಂಟು.

ಈ ಕಟ್ಟುನಿಟ್ಟು ಏತಕ್ಕೆಂಬುದನ್ನು ಸಣ್ಣದೊಂದು ಲೆಕ್ಕದಿಂದ ಮನಗಾಣಬಹುದು. ಒಂದು ಸುತ್ತಿಗೆ 200 ಹೆಜ್ಜೆಯಿಡುವ ಸ್ಟೆಪ್ಪರ್ ಮೋಟರಿನ ಪ್ರತಿ ಹೆಜ್ಜೆಯನ್ನೂ ಅದರ ಡ್ರೈವು ಹತ್ತಾಗಿ ಒಡೆದರೆ ತುಣುಕಿಗೊಂದರಂತೆ ಸುತ್ತಿಗೆ 2000 ವಿದ್ಯುತ್ ಮಿಡಿತಗಳಾದವು. ಒಂದು ಸುತ್ತಿಗೆ ಮೇಜನ್ನು 5 ಮಿಲಿಮೀಟರು ಸರಿಸುವ ಬಾಲ್‌ಸ್ಕ್ರೂ ಇದ್ದರೆ ಮಿಲಿಮೀಟರಿಗೆ 400 ಮಿಡಿತಗಳು ಬೇಕು. ಮೇಜು ನಿಮಿಷಕ್ಕೆ ಆರು ಮೀಟರಿನಂತೆ, ಎಂದರೆ ಸೆಕೆಂಡಿಗೆ 100 ಮಿಲಿಮೀಟರಿನಂತೆ ಓಡಬೇಕಾದರೆ ಸೆಕೆಂಡಿಗೆ 40,000 ಮಿಡಿತಗಳನ್ನು, ಅರ್ಥಾತ್ 25 ಮೈಕ್ರೋಸೆಕೆಂಡಿಗೊಂದರಂತೆ, ಸಮಾನ ಅಂತರದಲ್ಲಿ ಕೊಡಬೇಕಾಯಿತು. ಗಣಕವೇ ಈ ಮಿಡಿತಗಳನ್ನು ಹುಟ್ಟಿಸುವುದಾದರೆ ಇಪ್ಪತ್ತು ಮೈಕ್ರೋಸೆಕೆಂಡುಗಳ ತಡವೂ ಘೋರ ಅಪರಾಧವಾಗುತ್ತದೆ. ಮೋಟರು ಹೆಜ್ಜೆ ತಪ್ಪುತ್ತದೆ, ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ಆದಕಾರಣ ಅನುಭವಿಗಳು ಮಿಡಿತಗಳ ಉತ್ಪಾದನೆಯನ್ನು ಪ್ರತ್ಯೇಕವಾದ ಕಾರ್ಡೊಂದಕ್ಕೆ ವಹಿಸಿಬಿಟ್ಟು, ಗಣಕವು ಮಿಲಿಸೆಕೆಂಡಿಗೊಮ್ಮೆ ಹೊಸ ವೇಗವನ್ನು ಮಾತ್ರ ಅದಕ್ಕೆ ತಿಳಿಸುವಂತೆ ಏರ್ಪಡಿಸುತ್ತಾರೆ. ಆಗ ಹತ್ತಾರು ಮೈಕ್ರೋಸೆಕೆಂಡುಗಳ ಏರುಪೇರನ್ನು ಸಹಿಸಬಹುದು.

ಈ ತಂತ್ರಾಂಶದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಭಾಗವು ಹಾಲ್ ಎಂಬ ಮಧ್ಯವರ್ತಿ ಪದರ. ವಿದ್ಯುತ್ ಪ್ಯಾನಲಿನಲ್ಲಿ ರಿಲೇಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಡ್ರೈವಿಗೆ ತಂತಿಯೆಳೆಯುವ ಬದಲು, ಇಲ್ಲಿ ಪಠ್ಯಕಡತದಲ್ಲಿ ಒಂದೊಂದು ಸಾಲು ಬರೆದು, ಚಲನೆಯ ಗಣಕಕ್ರಮದ ಒಂದು ಪಿನ್ನನ್ನು ಕಾರ್ಡಿನ ಒಂದು ಪಿನ್ನಿಗೆ ಕಲ್ಪನೆಯ ತಂತಿಯಿಂದ ಕಟ್ಟಲಾಗುತ್ತದೆ. ಲಿಮಿಟ್ ಸ್ವಿಚ್ಚು, ಸ್ಪಿಂಡಲ್ಲಿನ ವೇಗ, ಕೂಲೆಂಟಿನ ಪಂಪು, ಎಲ್ಲವೂ ಹೀಗೆಯೇ. ಈ ಕಡತದಲ್ಲಿ ಬಲು ಸೂಕ್ಷ್ಮವಾದ ಸಂಗತಿಯೊಂದಿದೆ: ಪ್ರತಿ ಮಿಲಿಸೆಕೆಂಡಿನಲ್ಲಿಯೂ ಯಾವ ಕಾರ್ಯದ ತರುವಾಯ ಯಾವುದು ನಡೆಯಬೇಕೆಂಬ ಕ್ರಮವನ್ನು ಜೋಡಿಸುವವನೇ ನಿರ್ಧರಿಸಬೇಕು. ಮೊದಲು ಯಂತ್ರದ ಸ್ಥಾನವನ್ನು ಓದಿ, ಆಮೇಲೆ ಗಣಿಸಿ, ಕೊನೆಗೆ ಆಜ್ಞೆಯನ್ನು ಬರೆಯಬೇಕಾದಲ್ಲಿ ಬರೆಯುವುದನ್ನೇ ಮುಂದಿಟ್ಟರೆ, ತೆರೆಯ ಮೇಲೆ ಯಾವ ದೋಷವೂ ಕಾಣದು, ಯಂತ್ರವೂ ನಡೆಯುವುದು; ಆದರೆ ಪ್ರತಿಯೊಂದು ಆಜ್ಞೆಯೂ ಒಂದು ಮಿಲಿಸೆಕೆಂಡು ಹಳಸಿದ್ದಾಗಿರುವುದು. ಮುಚ್ಚಿದ ಪೆಟ್ಟಿಗೆಯನ್ನು ಕೊಂಡವನಿಗೆ ಇಂತಹ ತಪ್ಪನ್ನು ಮಾಡುವ ಸ್ವಾತಂತ್ರ್ಯವೇ ಇಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಸ್ಟೆಪ್ಪರಿನ ಬದಲು ಸರ್ವೋ ಮೋಟರಿದ್ದರೆ, ಅದರ ಹಿಂಬದಿಯ ಎನ್‌ಕೋಡರು ನಿಜಸ್ಥಾನವನ್ನು ನಿರಂತರವಾಗಿ ವರದಿಮಾಡುತ್ತದೆ. ಆಜ್ಞಾಪಿಸಿದ ಸ್ಥಾನಕ್ಕೂ ತಲುಪಿದ ಸ್ಥಾನಕ್ಕೂ ಇರುವ ಅಂತರವನ್ನು ಕನಿಷ್ಠಗೊಳಿಸುವ ಹದವು ಪುಸ್ತಕದಿಂದ ಬರುವಂಥದಲ್ಲ. ತಿದ್ದುವಿಕೆಯ ಬಲವನ್ನು ಹೆಚ್ಚಿಸುತ್ತ ಹೋದಂತೆ ಅಂತರವು ಕಿರಿದಾಗುತ್ತದೆ. ಒಂದು ಮೇರೆಯನ್ನು ಮೀರಿದೊಡನೆ ಮೋಟರು ಗುಂಯ್‌ಗುಡತೊಡಗುತ್ತದೆ. ಆಗ ತುಸು ಹಿಂದಕ್ಕೆ ಬಂದು, ಮುಂಬರುವ ವೇಗವನ್ನು ಮೊದಲೇ ತಿಳಿಸುವ ಮತ್ತೊಂದು ಅಂಶವನ್ನು ಕೂಡಿಸಿದರೆ ಉಳಿದ ಅಂತರವೂ ಬಹುಪಾಲು ಇಲ್ಲದಾಗುತ್ತದೆ. ಅಂತರವು ಗೊತ್ತುಪಡಿಸಿದ ಮಿತಿಯನ್ನು ದಾಟಿತೆಂದರೆ ತಂತ್ರಾಂಶವು ಯಂತ್ರವನ್ನು ನಿಲ್ಲಿಸಿಬಿಡುವುದು.

ಆದರೆ ಪ್ರಾಣಾಪಾಯದ ಸಂದರ್ಭದಲ್ಲಿ ನಿಲ್ಲಿಸುವ ಹೊಣೆಯನ್ನು ಯಾವ ತಂತ್ರಾಂಶಕ್ಕೂ ಒಪ್ಪಿಸಕೂಡದು. ಕೆಂಪು ಎಮರ್ಜೆನ್ಸಿ ಗುಂಡಿಯು ರಿಲೇಯ ಮೂಲಕ ಡ್ರೈವುಗಳ ಶಕ್ತಿಯನ್ನು ನೇರವಾಗಿ ಕಡಿಯಬೇಕು. ಗಣಕಕ್ಕೆ ಅದರ ವಾರ್ತೆ ಮುಟ್ಟಿದರೆ ಸಾಕು. ಗಣಕವೇ ಸ್ತಬ್ಧವಾದರೆ, ಕೆಲವು ಮಿಲಿಸೆಕೆಂಡುಗಳ ಕಾಲ ಅದರಿಂದ ಸದ್ದಿಲ್ಲವೆಂಬುದನ್ನು ಗಮನಿಸಿ ತಾನಾಗಿಯೇ ಎಲ್ಲ ಆಜ್ಞೆಗಳನ್ನೂ ಹಿಂತೆಗೆಯುವ ಕಾವಲು ವ್ಯವಸ್ಥೆಯು ಕಾರ್ಡಿನೊಳಗಿರುತ್ತದೆ.

ಕಡೆಯ ಘಟ್ಟವು ಅಳತೆಯದು. ಮೇಜಿನ ಬದಿಗೆ ಡಯಲ್ ಗೇಜನ್ನು ನಿಲ್ಲಿಸಿ, ಒಂದು ದಿಕ್ಕಿನಲ್ಲಿ ಸರಿಸಿ, ಮರಳಿ ಎದುರು ದಿಕ್ಕಿಗೆ ತಿರುಗಿಸಿದರೆ, ಸ್ಕ್ರೂವು ತಿರುಗಿದರೂ ಮೇಜು ಕದಲದ ಅತ್ಯಲ್ಪ ಸಡಿಲವೊಂದು ಗೋಚರಿಸುತ್ತದೆ. ಆ ಅಂಕಿಯನ್ನು ಕಡತದಲ್ಲಿ ಬರೆದರೆ, ದಿಕ್ಕು ಬದಲಾದಾಗಲೆಲ್ಲ ತಂತ್ರಾಂಶವು ಅಷ್ಟನ್ನು ಹೆಚ್ಚಾಗಿ ಸರಿಸಿ ಸರಿದೂಗಿಸುತ್ತದೆ. ಹೀಗಿದ್ದರೂ ಕಟರಿನ ಹಲ್ಲುಗಳು ಮೇಜು ಚಲಿಸುವ ದಿಕ್ಕಿಗೇ ಜಾಬನ್ನು ಎಳೆದುಕೊಳ್ಳುವ ಬಗೆಯ ಕಡಿತದಲ್ಲಿ, ಲೋಹದ ಸೆಳೆತಕ್ಕೆ ಮೇಜು ಆ ಸಡಿಲದೊಳಗೆ ಹಠಾತ್ತನೆ ಜಿಗಿಯುತ್ತದೆ. ಮೇಜು ಸ್ಕ್ರೂವನ್ನು ಬಿಟ್ಟು ಜಿಗಿದುದು ಮೋಟರಿನ ಎನ್‌ಕೋಡರಿಗೂ ತಿಳಿಯದು, ತಂತ್ರಾಂಶಕ್ಕೂ ತಿಳಿಯದು. ಆದ್ದರಿಂದ ನುರಿತ ಫಿಟ್ಟರು ಮೊದಲು ಬಾಲ್‌ಸ್ಕ್ರೂವಿನ ನಟ್ಟನ್ನೂ ಅದರ ಬೇರಿಂಗುಗಳನ್ನೂ ಬಿಗಿಮಾಡಿ, ಮತ್ತೆ ಡಯಲ್ ಇಟ್ಟು ಅಳೆದು, ಬಿಗಿತಕ್ಕೆ ಬಗ್ಗದೆ ಉಳಿದ ಒಂದೆರಡು ನೂರಂಶ ಮಿಲಿಮೀಟರನ್ನು ಮಾತ್ರ ಕಡತಕ್ಕೆ ಬಿಡುತ್ತಾನೆ.