ಮುರಿಯಬಾರದ ಗುಳಿಗೆ

"ಅರ್ಧಾ ಮುರದು ತಗೊಂಡ್ರ ನಡೀತೈತಿಲ್ರಿ?" ಗಜೇಂದ್ರಗಡ, ರೋಣದ ಕಡೆ ಬಿ.ಪಿ. ಗುಳಿಗೆ ಕೊಳ್ಳುವ ಹಿರಿಯರು ಕೇಳುವ ಪ್ರಶ್ನೆ ಇದು. ಉತ್ತರ ಗುಳಿಗೆಯ ಹೊಟ್ಟೆಯೊಳಗಿದೆ.

ಅದೇ ಸೀಮೆಯ ಸೂಡಿಯಲ್ಲಿ ಜೋಡುಕಳಸದ ಗುಡಿ ಕಂಡವರಿಗೆ ಲಿಂಗದ ಅಭಿಷೇಕ ಹೊಸದಲ್ಲ. ಕೊಡದ ನೀರನ್ನು ಒಮ್ಮೆಲೇ ಸುರಿಯಬಹುದು. ಇಲ್ಲವೇ ತಳದಲ್ಲಿ ಸಣ್ಣ ತೂತಿರುವ ಧಾರಾಪಾತ್ರೆ ತೂಗುಹಾಕಿ ದಿನವಿಡೀ ಹನಿಸಬಹುದು. ಸಾದಾ ಗುಳಿಗೆ ಕೊಡದಂತೆ: ಹೊಟ್ಟೆಯಲ್ಲಿ ಬೇಗ ಕರಗಿ ಔಷಧಿಯನ್ನೆಲ್ಲ ಒಟ್ಟಿಗೆ ಬಿಡುತ್ತದೆ. ನಿಧಾನ ಬಿಡುಗಡೆಯ ಗುಳಿಗೆ ಧಾರಾಪಾತ್ರೆಯಂತೆ.

ಬಿ.ಪಿ. ಔಷಧಿ ನಿಫೆಡಿಪಿನ್‌ನ ಒಂದು ಬಗೆಯ ಗುಳಿಗೆಯಲ್ಲಂತೂ ನಿಜವಾಗಿಯೂ ತೂತಿದೆ. ಗಟ್ಟಿ ಕವಚಕ್ಕೆ ಲೇಸರ್‌ನಿಂದ ಕೊರೆದ ರಂಧ್ರವದು. ಒಳಗೆ ನೀರು ಸೇರಿದಂತೆ ಒಂದು ಪದರ ಉಬ್ಬಿ, ಔಷಧಿಯನ್ನು ಆ ರಂಧ್ರದಿಂದ ಸ್ವಲ್ಪಸ್ವಲ್ಪವೇ ಹೊರದೂಡುತ್ತದೆ. ಬರಿದಾದ ಕವಚ ಮಲದಲ್ಲಿ ಕಾಣಿಸಿದರೆ ಗಾಬರಿ ಬೇಡ, ಔಷಧಿ ಮೈಗೆ ಸೇರಿದೆ. ಇನ್ನು ಕೆಲವು ಗುಳಿಗೆಗಳು ನೀರು ತಾಗಿದೊಡನೆ ಲೋಳೆಯಾಗುತ್ತವೆ; ಔಷಧಿ ಆ ಲೋಳೆಯಿಂದ ಜಿನುಗುತ್ತದೆ.

ಈ ನಿಧಾನ ಯಾಕೆ ಬೇಕು? ಇದೇ ನಿಫೆಡಿಪಿನ್ ಅನ್ನು ಬೇಗ ಕರಗುವ ಕ್ಯಾಪ್ಸೂಲ್ ರೂಪದಲ್ಲಿ ಕೊಟ್ಟಾಗ ರಕ್ತದೊತ್ತಡ ಧಡಕ್ಕನೆ ಕುಸಿದು ಎದೆಬಡಿತ ಏರುತ್ತಿತ್ತು. ಪಾರ್ಶ್ವವಾಯು, ಹೃದಯಾಘಾತಗಳೂ ವರದಿಯಾದವು. 1990ರ ದಶಕದಲ್ಲಿ ವೈದ್ಯರು ಆ ಬಳಕೆಯ ವಿರುದ್ಧ ಗಟ್ಟಿಯಾಗಿ ಎಚ್ಚರಿಸಿದರು. ನಿಧಾನದ ಗುಳಿಗೆಯನ್ನು ಅಗಿದರೆ ಅಥವಾ ಪುಡಿಮಾಡಿದರೆ ನಾವೇ ಧಾರಾಪಾತ್ರೆ ಒಡೆದಂತೆ: ದಿನದ ಔಷಧಿ ಒಮ್ಮೆಲೇ ರಕ್ತಕ್ಕಿಳಿಯುತ್ತದೆ.

ಹಾಗೆಂದು ನಿಧಾನದ್ದೇ ಎಲ್ಲದಕ್ಕೂ ಮೇಲು ಎನ್ನಲಾರೆ. ಇನ್ನೊಂದು ಬಿ.ಪಿ. ಔಷಧಿ ಅಮ್ಲೋಡಿಪಿನ್ ಸಾದಾ ಗುಳಿಗೆಯೇ. ಆದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 30ರಿಂದ 50 ತಾಸು ಬೇಕು. ದಿನಕ್ಕೊಂದು ಸಾಕು, ಹೆಚ್ಚು ದುಡ್ಡು ಕೊಟ್ಟು ಬೇರೆಯದನ್ನು ಹುಡುಕಬೇಕಿಲ್ಲ. ಮೆಟೊಪ್ರೊಲೊಲ್ ಎಂಬ ಬಿ.ಪಿ. ಔಷಧಿಯ ಕತೆ ಬೇರೆ. ಸಾದಾದ್ದು ಕೆಲವೇ ತಾಸುಗಳಲ್ಲಿ ಇಳಿಯುವುದರಿಂದ ಸಾಮಾನ್ಯವಾಗಿ ದಿನಕ್ಕೆರಡು ಸಲ ಬೇಕು. ನಿಧಾನದ್ದು ಒಂದೇ ಸಲ. ನಸುಕಿನಲ್ಲೇ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಮರಳುವವರಿಗೆ ಇದು ಸಣ್ಣ ಲಾಭವಲ್ಲ, ಯಾಕೆಂದರೆ ಮರೆತ ಗುಳಿಗೆ ಒತ್ತಡ ಇಳಿಸದು. ನಿಧಾನದ ಮೆಟೊಪ್ರೊಲೊಲ್‌ನ ಕೆಲವು ಗುಳಿಗೆಗಳಲ್ಲಿ ನೂರಾರು ಸಣ್ಣ ಕಾಳುಗಳಿದ್ದು, ಪ್ರತಿ ಕಾಳಿಗೂ ತನ್ನದೇ ಹೊದಿಕೆ ಇರುತ್ತದೆ. ಅಂಥದ್ದರ ಮೇಲೆ ಗೆರೆಯಿದ್ದರೆ ಗೆರೆಗುಂಟ ಮುರಿಯಬಹುದು, ಅಗಿಯುವಂತಿಲ್ಲ.

ಗುಳಿಗೆಯ ಪಟ್ಟಿಯ ಮೇಲೆ ಇಆರ್, ಎಕ್ಸ್‌ಎಲ್, ಎಸ್‌ಆರ್, ರಿಟಾರ್ಡ್ ಎಂದಿದ್ದರೆ ಅದು ನಿಧಾನದ್ದು. ಮುರಿಯುವ ಮುನ್ನ ಆ ಪಟ್ಟಿಯನ್ನು ಡಾಕ್ಟರಿಗೋ ಔಷಧಿ ಅಂಗಡಿಯವರಿಗೋ ಒಮ್ಮೆ ತೋರಿಸಿರಿ.